ರೇಡಿಯೊ ಗದ್ದಲ ಗೆಲ್ಲಲು ಹನ್ನೆರಡು ಸೂತ್ರಗಳು

ಬೆಳಗಿನ ವಾರ್ತೆಗೆಂದು ರೇಡಿಯೊ ಹಚ್ಚಿದರೆ ಬರೀ ಕರಕರ. ಕಾರಿನ ರಿಮೋಟ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಒಂದು ಹೊತ್ತಾಯಿತೆಂದರೆ ವೈ-ಫೈ ನಿಂತೇ ಹೋಗುತ್ತದೆ. ಇಂಥ ಸಮಯದಲ್ಲಿ ನಾವು ಆ ಉಪಕರಣವನ್ನೇ ಬೈಯುತ್ತೇವೆ, ರಿಪೇರಿಗೆ ಒಯ್ಯುತ್ತೇವೆ, ಕೊನೆಗೆ ಹೊಸದನ್ನೇ ಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಅದರದ್ದಾಗಿರುವುದೇ ಇಲ್ಲ. ಪಕ್ಕದಲ್ಲೆಲ್ಲೋ ಇನ್ನೊಂದು ಚಾರ್ಜರ್, ದೀಪ, ಟಿ.ವಿ. ಬೇಡದ ಅಲೆಗಳನ್ನು ಉಗುಳುತ್ತಿರುತ್ತದೆ.

ಅದನ್ನು ಪತ್ತೆ ಹಚ್ಚಬಹುದು, ನಿಲ್ಲಿಸಲೂಬಹುದು. ದೊಡ್ಡ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಒಂದು ಟ್ರಾನ್ಸಿಸ್ಟರ್, ಒಂದು ನೋಟ್‌ಬುಕ್ ಮತ್ತು ಯಾವ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆ.

1. ಮೊದಲ ಅನುಮಾನ ನಿಮ್ಮ ಮನೆಯ ಮೇಲೇ ಇರಲಿ

ಬ್ಯಾಟರಿ ಹಾಕಿದ ಸಣ್ಣ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಮೀಡಿಯಂ ವೇವ್‌ಗೆ ಹಾಕಿ, ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ವಾಲ್ಯೂಮ್ ಏರಿಸಿ. ಈಗ ಮನೆಯ ಮೇನ್ ಸ್ವಿಚ್ ಇಳಿಸಿ. ಗದ್ದಲ ನಿಂತಿತೇ? ಹಾಗಾದರೆ ಮೂಲ ಮನೆಯೊಳಗೇ ಇದೆ. ನಿಲ್ಲಲಿಲ್ಲವೇ? ಕೂಡಲೇ ಪಕ್ಕದ ಮನೆಯ ಕಡೆ ಬೆರಳು ತೋರಿಸಬೇಡಿ; ಯುಪಿಎಸ್, ಇನ್ವರ್ಟರುಗಳನ್ನೂ ಆರಿಸಿ ನೋಡಿ. ಕರೆಂಟು ಹೋದ ಕ್ಷಣವೇ ಇನ್ವರ್ಟರ್ ಎಚ್ಚೆತ್ತು ಕೆಲಸ ಶುರುಮಾಡುತ್ತದೆ, ಗದ್ದಲ ಅದರದ್ದೇ ಇರಬಹುದು. ಅದೂ ಆರಿದ ಮೇಲೆ ಉಳಿದದ್ದು ಮಾತ್ರ ಹೊರಗಿನದು.

ಒಳಗಿನದೇ ಎಂದು ಗೊತ್ತಾದರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಬನ್ನಿ. ಯಾವುದನ್ನು ಏರಿಸಿದಾಗ ಸದ್ದು ಮರಳಿತೋ ಆ ಲೈನಿನ ಕೋಣೆಗೆ ರೇಡಿಯೊ ಹಿಡಿದು ನಡೆಯಿರಿ. ಎಲ್‌ಇಡಿ ಬಲ್ಬು, ಫೋನಿನ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಹೀಗೆ ಒಂದೊಂದರ ಹತ್ತಿರ ಹಿಡಿಯಿರಿ. ಸರಿಯಾದ ವಸ್ತುವಿನ ಗೇಣು ದೂರಕ್ಕೆ ಬಂದಾಗ ಸದ್ದು ಒಮ್ಮೆಲೇ ಕಿವಿಗಡಚಿಕ್ಕುವಷ್ಟಾಗುತ್ತದೆ.

ಟ್ರಾನ್ಸಿಸ್ಟರಿನ ಒಳಗೆ ತೆಳು ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೊಂದು ಅಡ್ಡಲಾಗಿ ಮಲಗಿರುತ್ತದೆ. ಮೀಡಿಯಂ ವೇವ್‌ಗೆ ಅದೇ ಆಂಟೆನಾ. ರೇಡಿಯೊವನ್ನು ನಿಧಾನವಾಗಿ ಸುತ್ತ ತಿರುಗಿಸಿ. ಕಡ್ಡಿಯ ತುದಿ ಗದ್ದಲದ ಮೂಲಕ್ಕೆ ನೇರವಾದಾಗ ಸದ್ದು ಕುಗ್ಗುತ್ತದೆ. ಎರಡು ಬೇರೆ ಬೇರೆ ಜಾಗದಲ್ಲಿ ನಿಂತು ಹೀಗೆ ದಿಕ್ಕು ಗುರುತಿಸಿದರೆ ಆ ಎರಡು ಗೆರೆಗಳು ಕೂಡುವ ಕಡೆ ಹುಡುಕಬೇಕಾದ ವಸ್ತು ಇರುತ್ತದೆ. ಸರ್ಕಾರದ ತರಂಗ ನಿಗಾ ಕೇಂದ್ರಗಳ ದೊಡ್ಡ ವಾಹನಗಳು ಮಾಡುವ ಕೆಲಸವೂ ತತ್ವದಲ್ಲಿ ಇಷ್ಟೇ.

2. ಸದ್ದಿನ ಗುಣ ಕಲಿಯಿರಿ

ಗುಂಯ್ ಎಂದು ಒಂದೇ ಸಮನೆ ಬರುವುದು ಸಾಮಾನ್ಯವಾಗಿ ಅಡಾಪ್ಟರ್ ಇಲ್ಲವೇ ಎಲ್‌ಇಡಿ ದೀಪ. ಏರುತ್ತ ಇಳಿಯುತ್ತ ಗಿರ್ರೆನ್ನುವುದು ಮಿಕ್ಸಿಯಂಥ ಮೋಟಾರು. ಒಣ ಹವೆಯಲ್ಲಿ ಚಟಪಟ ಎಂದು ಜೋರಾಗಿದ್ದು ಮಳೆ ಬಿದ್ದ ಕೂಡಲೇ ತಗ್ಗುವ ಸದ್ದಾದರೆ ವಿದ್ಯುತ್ ಕಂಬದಲ್ಲಿ ಎಲ್ಲೋ ಬೋಲ್ಟು ಸಡಿಲಾಗಿ ಸಂದಿನಲ್ಲಿ ಕಿಡಿ ಹಾರುತ್ತಿದೆ ಎಂದು ಅನುಮಾನಿಸಿ. ಬಿಸಿಲಿದ್ದಾಗ ಮಾತ್ರ ಬಂದು ಸಂಜೆ ತಾನಾಗಿ ನಿಲ್ಲುವುದು ಸೋಲಾರ್ ಫಲಕಕ್ಕೆ ಜೋಡಿಸಿದ ಇನ್ವರ್ಟರ್ ಅಥವಾ ಚಾರ್ಜ್ ಕಂಟ್ರೋಲರ್.

ಮಲೆನಾಡಿನ, ಕೊಡಗಿನ ಓದುಗರಿಗೆ ಇನ್ನೊಂದು ಸದ್ದು ಚೆನ್ನಾಗಿ ಗೊತ್ತಿರಬೇಕು: ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಟಿಕ್, ಟಿಕ್, ಟಿಕ್. ಅದು ಆನೆ, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ. ಬೇಲಿಯಲ್ಲಿ ಹರಿಯುವ ಮಿಡಿತದಿಂದಲೇ ಅಷ್ಟು ಗದ್ದಲ ಆಗಬೇಕಾಗಿಲ್ಲ. ತಂತಿಗೆ ಬಳ್ಳಿ ತಾಗಿದಾಗ, ಗಂಟು ಸಡಿಲಾದಾಗ, ಇನ್ಸುಲೇಟರ್ ಒಡೆದಾಗ ಕಿಡಿ ಹಾರುತ್ತದೆ; ಕಿಡಿ ಹಾರಿದಲ್ಲಿ ರೇಡಿಯೊ ಅಲೆ ಹುಟ್ಟುತ್ತದೆ. ತೋಟದ ಅಂಚಿನಲ್ಲಿ ಟ್ರಾನ್ಸಿಸ್ಟರ್ ಹಿಡಿದು ನಡೆದರೆ ಬೇಲಿ ಎಲ್ಲಿ ಸೋರುತ್ತಿದೆ ಎಂಬುದೂ ತಿಳಿಯುತ್ತದೆ. ರೇಡಿಯೊ ಶುದ್ಧವಾಗುವುದರ ಜೊತೆಗೆ ಬೇಲಿಯೂ ಬಿಗಿಯಾಗುತ್ತದೆ.

3. ಗಡಿಯಾರ ನೋಡಿ ಬರೆದಿಡಿ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಬೆರ್‌ಹೋಸಾನ್ ಎಂಬ ಪುಟ್ಟ ಹಳ್ಳಿ. ಹದಿನೆಂಟು ತಿಂಗಳ ಕಾಲ ಅಲ್ಲಿ ದಿನವೂ ಬೆಳಿಗ್ಗೆ ಬ್ರಾಡ್‌ಬ್ಯಾಂಡ್ ಕುಸಿದು ಬೀಳುತ್ತಿತ್ತು. ಎಂಜಿನಿಯರುಗಳು ಬಂದರು, ಹೋದರು, ಕೇಬಲ್ಲುಗಳನ್ನೇ ಬದಲಾಯಿಸಿದರು, ಪ್ರಯೋಜನ ಆಗಲಿಲ್ಲ. ಕೊನೆಗೆ ಓಪನ್‌ರೀಚ್ ಕಂಪನಿಯ ತಂಡವೊಂದು ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಬೆಳಗಿನ ಜಾವದ ಮಳೆಯಲ್ಲೇ ಊರೆಲ್ಲ ನಡೆಯಿತು. ಸರಿಯಾಗಿ ಏಳು ಗಂಟೆಗೆ ದೊಡ್ಡ ಗದ್ದಲ ಎದ್ದಿತು. ಮೂಲ, ಒಬ್ಬ ನಿವಾಸಿ ದಿನವೂ ಏಳಕ್ಕೆ ಹಾಕುತ್ತಿದ್ದ ಹಳೆಯ ಟಿ.ವಿ. ವಿಷಯ ತಿಳಿದು ಅವರು ಬಹಳ ನೊಂದುಕೊಂಡರು, ಆ ಟಿ.ವಿ.ಯನ್ನು ಮತ್ತೆ ಹಾಕಲಿಲ್ಲ. 2020ರಲ್ಲಿ ಈ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು. ಆ ರಹಸ್ಯ ಬಿಡಿಸಿದ್ದು ಸಮಯದ ಸುಳಿವು.

ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲೂ ಹೀಗೇ ಆಯಿತು. 1998ರಿಂದ ಅಲ್ಲಿ ವಿಚಿತ್ರ ಮಿಂಚುಗಳು ದಾಖಲಾಗುತ್ತಿದ್ದವು. ಆಕಾಶದ ಆಳದಿಂದ ಬರುವ ಸಂಕೇತಗಳನ್ನೇ ಹೋಲುತ್ತಿದ್ದರೂ ಅವು ಬರುತ್ತಿದ್ದುದು ಹೆಚ್ಚಾಗಿ ಹಗಲಿನ ಕೆಲಸದ ಹೊತ್ತಿನಲ್ಲಿ. 2015ರಲ್ಲಿ ಎಮಿಲಿ ಪೆಟ್ರಾಫ್ ಮತ್ತು ಸಂಗಡಿಗರು ಕಾರಣ ಕಂಡುಹಿಡಿದರು: ಮೈಕ್ರೋವೇವ್ ಒಲೆಯ ಕೆಲಸ ಮುಗಿಯುವ ಮೊದಲೇ ಯಾರಾದರೂ ಬಾಗಿಲು ಎಳೆದಾಗ ಅದು ಅರೆಕ್ಷಣ ಅಲೆ ಹೊರಚೆಲ್ಲುತ್ತಿತ್ತು. ನಕ್ಷತ್ರಗಳಿಗೆ ಕೆಲಸದ ವೇಳಾಪಟ್ಟಿ ಇಲ್ಲವೆಂದು ಗಮನಿಸಿದವರಿಗೆ ಉತ್ತರ ಸಿಕ್ಕಿತು.

ಆದ್ದರಿಂದ ಒಂದು ವಾರ ಬರೆದಿಡಿ. ಶುರುವಾದ ಹೊತ್ತು, ನಿಂತ ಹೊತ್ತು, ಆಗ ಕರೆಂಟು ಇತ್ತೋ ಇಲ್ಲವೋ, ಮಳೆಯೋ ಬಿಸಿಲೋ.

4. ಹೆಸರಿಲ್ಲದ ಚಾರ್ಜರ್ ಕೊಳ್ಳಬೇಡಿ

ಇಂದಿನ ಮನೆಗಳ ಗದ್ದಲಕ್ಕೆ ದೊಡ್ಡ ಕಾರಣ ಅಗ್ಗದ ಚಾರ್ಜರ್ ಮತ್ತು ಎಲ್‌ಇಡಿ ಬಲ್ಬು. ಕೆಲಸ ಹೀಗೆ ನಡೆಯುತ್ತದೆ: ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಒಳಗಿನ ಸರ್ಕ್ಯೂಟು ನೇರ ವಿದ್ಯುತ್ತಾಗಿ ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷಾಂತರ ಸಲ ಕತ್ತರಿಸುತ್ತದೆ. ಹಾಗೆ ಕತ್ತರಿಸುವುದರಿಂದಲೇ ಹಳೆಯ ಭಾರದ ಟ್ರಾನ್ಸ್‌ಫಾರ್ಮರಿನ ಬದಲು ಹೆಬ್ಬೆರಳಿನಷ್ಟು ಪೆಟ್ಟಿಗೆ ಸಾಕಾಗಿದೆ. ಆದರೆ ಪ್ರತಿ ಕತ್ತರಿಕೆಯ ಹರಿತ ಅಂಚು ಆ ಆವರ್ತನದ ಎರಡರಷ್ಟು, ಮೂರರಷ್ಟು, ಹತ್ತರಷ್ಟು, ನೂರರಷ್ಟು ಎತ್ತರದಲ್ಲೂ ಅಲೆ ಎಬ್ಬಿಸುತ್ತದೆ. ಮನೆಯ ವೈರಿಂಗ್ ಅದಕ್ಕೆ ಆಂಟೆನಾ ಆಗುತ್ತದೆ. ಬೆಂಗಳೂರು 612, ಧಾರವಾಡ 765 ಎಂದು ಮುಳ್ಳು ತಿರುಗಿಸಿ ಬೆಳೆದವರ ಮೀಡಿಯಂ ವೇವ್ ಈ ಅಲೆಗಳ ದಾರಿಯಲ್ಲೇ ಇದೆ.

ಇದನ್ನು ತಡೆಯಲು ಒಂದು ಸಣ್ಣ ಚೋಕ್, ಒಂದೆರಡು ಕೆಪಾಸಿಟರ್ ಸಾಕು. ಕೆಟ್ಟುಹೋದ ಅಗ್ಗದ ಚಾರ್ಜರೊಂದನ್ನು ಪ್ಲಗ್‌ನಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ತಿಳಿದವರಿಂದ ಬಿಚ್ಚಿಸಿ ನೋಡಿ. ಎಷ್ಟೋ ಬೋರ್ಡುಗಳಲ್ಲಿ ಚೋಕ್ ಕೂರಬೇಕಾದ ಜಾಗ ಅಚ್ಚಾಗಿರುತ್ತದೆ, ಚೋಕ್ ಇರುವುದಿಲ್ಲ. ಆ ಎರಡು ತೂತುಗಳ ನಡುವೆ ಒಂದು ತುಂಡು ತಂತಿ ಬೆಸೆದಿರುತ್ತದೆ. ವಿನ್ಯಾಸ ಮಾಡಿದವನಿಗೆ ಗೊತ್ತಿತ್ತು, ತಯಾರಿಸಿದವನು ಕೆಲವು ರೂಪಾಯಿ ಉಳಿಸಿದ. ಆ ಉಳಿತಾಯದ ಬೆಲೆಯನ್ನು ಇಡೀ ಬೀದಿ ಕಟ್ಟುತ್ತದೆ.

ಈಗಾಗಲೇ ಕೊಂಡಿದ್ದರೆ? ಬದಲಾಯಿಸುವುದೇ ಒಳ್ಳೆಯದು. ಆಗದಿದ್ದರೆ ತಂತಿಯನ್ನು ಫೆರೈಟ್ ಉಂಗುರದೊಳಗೆ ಐದಾರು ಸುತ್ತು ಸುತ್ತಿ, ಉಂಗುರ ಚಾರ್ಜರಿಗೆ ಆದಷ್ಟು ಹತ್ತಿರ ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಉಂಗುರ ಸಿಗುತ್ತದೆ. ಹಳೆಯ ಮಾನಿಟರ್ ಕೇಬಲ್ಲಿನ ತುದಿಯ ಗಂಟಿನೊಳಗೂ ಅದೇ ಇರುತ್ತದೆ.

5. ವೈ-ಫೈಗೆ ಉಸಿರಾಡಲು ಜಾಗ ಕೊಡಿ

ಇದು ಎರಡು ನಿಮಿಷದ ಕೆಲಸ. ಮೈಕ್ರೋವೇವ್ ಒಲೆ ಮತ್ತು ಹಳೆಯ ವೈ-ಫೈ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಇವೆ. ರೂಟರನ್ನು ಅಡುಗೆಮನೆಯಿಂದ ದೂರವಿಡಿ, ಸಾಧ್ಯವಾದ ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಒಗ್ಗಿಸಿ. ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಅದರ ಡಾಂಗಲ್ ಪಕ್ಕ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸಿಕ್ಕಿಸಿದೆಯೇ ನೋಡಿ. ಆ ಕೇಬಲ್ಲಿನ ವೇಗದ ಸಂಕೇತಗಳು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ಬರೆಯಿತು. ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಡಾಂಗಲ್ ದೂರ ಇಟ್ಟರೆ ಮುಗಿಯಿತು.

6. ಹಿಂಬದಿಯ ಚೀಟಿ ಓದಿ, ನಿಮ್ಮ ಹಕ್ಕೆಷ್ಟು ತಿಳಿಯಿರಿ

ಅಮೆರಿಕಕ್ಕೆ ಮಾರುವ ಸಾಧನಗಳ ಬೆನ್ನ ಮೇಲೋ ಕೈಪಿಡಿಯಲ್ಲೋ ಸಣ್ಣ ಅಕ್ಷರದಲ್ಲಿ ಎರಡು ಷರತ್ತು ಇರುತ್ತವೆ. ಒಂದು, ಈ ಸಾಧನ ಇತರರಿಗೆ ಹಾನಿಕರ ಅಡಚಣೆ ಮಾಡಬಾರದು. ಎರಡು, ಇತರರಿಂದ ಬರುವ ಅಡಚಣೆಯನ್ನು ಇದು ಸಹಿಸಿಕೊಳ್ಳಬೇಕು. ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ 15ನೇ ಭಾಗದ ನಿಯಮ ಇದು. ಇದರ ಬೇರು 1938ರಷ್ಟು ಹಿಂದಿನದು.

ಭಾರತದಲ್ಲೂ ಅದೇ ತತ್ವ. ವೈ-ಫೈ, ಬ್ಲೂಟೂತ್‌ಗಳ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದಾಗಲೂ, 5 ಗಿಗಾಹರ್ಟ್ಸ್ ಪಟ್ಟಿಯನ್ನು 2018ರಲ್ಲಿ ವಿಸ್ತರಿಸಿದಾಗಲೂ ಸರ್ಕಾರ ಹೇಳಿದ್ದು ಒಂದೇ: ಬಳಸಿ, ಆದರೆ ಯಾರಿಗೂ ತೊಂದರೆ ಕೊಡಬೇಡಿ, ರಕ್ಷಣೆಯನ್ನೂ ಕೇಳಬೇಡಿ, ಹಂಚಿಕೊಂಡು ಬಾಳಿ. ಆದ್ದರಿಂದ ಪಕ್ಕದ ಮನೆಯ ವೈ-ಫೈ ನಿಮ್ಮದನ್ನು ನಿಧಾನ ಮಾಡುತ್ತಿದೆ ಎಂಬ ದೂರಿಗೆ ಕಾನೂನಿನಲ್ಲಿ ಬಲವಿಲ್ಲ. ಅವರ ಬಲ್ಬು ಆಕಾಶವಾಣಿಯನ್ನೋ ಪರವಾನಗಿ ಪಡೆದ ಹ್ಯಾಮ್ ರೇಡಿಯೊವನ್ನೋ ಮುಳುಗಿಸುತ್ತಿದೆ ಎಂದರೆ ಮಾತು ಬೇರೆ. ಅವು ಹಕ್ಕಿನಿಂದ ಆ ಆವರ್ತನದಲ್ಲಿ ಇರುವವು. ಈ ವ್ಯತ್ಯಾಸ ತಿಳಿದವರ ದೂರನ್ನು ಅಧಿಕಾರಿಗಳು ಗಂಭೀರವಾಗಿ ಓದುತ್ತಾರೆ.

ಕೊಳ್ಳುವಾಗ ನೋಡಬೇಕಾದದ್ದು: ಪ್ರಸಾರ ಮಾಡುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಇರಬೇಕು. ಫೋನು, ಸ್ಮಾರ್ಟ್ ವಾಚಿನಂಥವುಗಳಿಗೆ ತಯಾರಕರ ಸ್ವಯಂ ಘೋಷಣೆಯ ಮೇಲೆ ಅದು ಸಿಗುತ್ತದೆ. ಬಲ್ಬು, ಅಡಾಪ್ಟರುಗಳ ಮೇಲಿನ ಬಿಐಎಸ್ ನೋಂದಣಿ ಗುರುತು ಮುಖ್ಯವಾಗಿ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ಶಾಕ್ ಹೊಡೆಯುವುದಿಲ್ಲ ಎಂದ ಮಾತ್ರಕ್ಕೆ ಗದ್ದಲ ಮಾಡುವುದಿಲ್ಲ ಎಂದಲ್ಲ.

7. ನೆರೆಯವರ ಬಾಗಿಲು ಮೆತ್ತಗೆ ತಟ್ಟಿ

2019ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ತ್ ಓಮ್‌ಸ್ಟೆಡ್ ಎಂಬಲ್ಲಿ ಒಂದು ಬಡಾವಣೆಯ ಕಾರಿನ ರಿಮೋಟುಗಳು, ಗ್ಯಾರೇಜು ಬಾಗಿಲುಗಳು ವಾರಗಟ್ಟಲೆ ಕೆಲಸ ನಿಲ್ಲಿಸಿದವು. ವದಂತಿಗಳು ಹಬ್ಬಿದವು. ವಿದ್ಯುತ್ ಕಂಪನಿ ಆ ಬೀದಿಯ ಕರೆಂಟು ತೆಗೆದು ನೋಡಿದರೂ ಸಂಕೇತ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಮನೆಯಲ್ಲಿ, ಬ್ಯಾಟರಿಯಿಂದ ನಡೆಯುತ್ತಿದ್ದ ಪುಟ್ಟ ಸಾಧನ. ವಿಶೇಷ ಅಗತ್ಯವುಳ್ಳ ನಿವಾಸಿಯೊಬ್ಬರು ಮಹಡಿಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ತಾವೇ ಮಾಡಿಕೊಂಡಿದ್ದರು. ಅದು ರಿಮೋಟುಗಳು ಬಳಸುವ 315 ಮೆಗಾಹರ್ಟ್ಸ್‌ನಲ್ಲಿ ಬಿಡುವಿಲ್ಲದೆ ಕೂಗುತ್ತಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. ನಗರದವರು ಬ್ಯಾಟರಿ ತೆಗೆದರು, ಹೆಸರು ಹೊರಹಾಕಲಿಲ್ಲ. ಆಡಳಿತ ಹೀಗಿರಬೇಕು.

2004ರ ಅಕ್ಟೋಬರಿನಲ್ಲಿ ಆರೆಗಾನ್ ರಾಜ್ಯದ ಕೊರ್ವಾಲಿಸ್‌ನ ವಿದ್ಯಾರ್ಥಿಯೊಬ್ಬರ ಬಾಗಿಲಿಗೆ ಪೊಲೀಸರೂ ರಕ್ಷಣಾ ತಂಡದವರೂ ಬಂದು ನಿಂತರು. ಅವರ ತೋಷಿಬಾ ಟಿ.ವಿ. 121.5 ಮೆಗಾಹರ್ಟ್ಸ್‌ನಲ್ಲಿ ಅಲೆ ಬಿಡುತ್ತಿತ್ತು. ಅದು ಅಪಘಾತಕ್ಕೀಡಾದ ವಿಮಾನ ನೆರವು ಕೋರುವ ಆವರ್ತನ. ಉಪಗ್ರಹ ಅದನ್ನು ಹಿಡಿದು ಭೂಮಿಗೆ ವರದಿ ಮಾಡಿತ್ತು. ಮತ್ತೆ ಹಾಕಿದರೆ ದಿನಕ್ಕೆ 10,000 ಡಾಲರ್ ದಂಡ ಎಂಬ ಎಚ್ಚರಿಕೆ ಬಂತು; ಕಂಪನಿ ಬೇರೆ ಟಿ.ವಿ. ಕೊಡಲು ಮುಂದಾಯಿತು. ಇಂಥ ಹುಸಿ ಕೂಗುಗಳ ಕಾಟ ಎಷ್ಟಿತ್ತೆಂದರೆ ಉಪಗ್ರಹಗಳು ಆ ಹಳೆಯ ಆವರ್ತನವನ್ನು ಕೇಳುವುದನ್ನು 2009ರ ಫೆಬ್ರುವರಿ 1ರಿಂದ ನಿಲ್ಲಿಸಿದವು. ಈಗ 406 ಮೆಗಾಹರ್ಟ್ಸ್‌ನ ಗುರುತುಸಂಖ್ಯೆಯುಳ್ಳ ಸಂಕೇತಗಳಿಗೆ ಮಾತ್ರ ಅವು ಕಿವಿಗೊಡುತ್ತವೆ.

ಎರಡು ಕಥೆಯಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ನೆರೆಮನೆಗೆ ಹೋಗುವಾಗ ಟ್ರಾನ್ಸಿಸ್ಟರ್ ಕೈಯಲ್ಲಿರಲಿ. “ಸಾರ್, ಒಂದು ನಿಮಿಷ ಈ ದೀಪ ಆರಿಸಿ ನೋಡೋಣವೇ?” ಎಂದು ಕೇಳಿ. ಸದ್ದು ನಿಂತದ್ದನ್ನು ಅವರೇ ಕೇಳಿಸಿಕೊಂಡರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಹೊಸ ಬಲ್ಬು ನೀವೇ ತಂದುಕೊಟ್ಟರೂ ನಷ್ಟವಿಲ್ಲ.

8. ಜಾಮರ್ ಕಡೆ ಕಣ್ಣೆತ್ತಿಯೂ ನೋಡಬೇಡಿ

ಫ್ರಾನ್ಸಿನ ಮೆಸಾಂಜ್ ಎಂಬ ಊರಿನಲ್ಲಿ ನಡುರಾತ್ರಿಯಿಂದ ಮೂರು ಗಂಟೆಯವರೆಗೆ ಫೋನು, ಇಂಟರ್ನೆಟ್ ಎರಡೂ ಸಾಯುತ್ತಿದ್ದವು. ಅಲ್ಲಿನ ತರಂಗ ಸಂಸ್ಥೆ ಎಎನ್‌ಎಫ್‌ಆರ್‌ನ ತಜ್ಞರು ರಾತ್ರಿ ಗಸ್ತು ತಿರುಗಿ ಪಕ್ಕದ ಊರಿನ ಒಂದು ಮನೆ ಮುಟ್ಟಿದರು. ಮಕ್ಕಳು ರಾತ್ರಿಯಿಡೀ ಸಾಮಾಜಿಕ ಜಾಲತಾಣದಲ್ಲಿ ಮುಳುಗುವುದನ್ನು ತಡೆಯಲು ತಂದೆಯೊಬ್ಬರು ಜಾಮರ್ ತಂದಿಟ್ಟಿದ್ದರು. ಅದು ಮಕ್ಕಳ ಕೋಣೆಯ ಜೊತೆಗೆ ಎರಡು ಊರುಗಳ ಬಾಯಿಯನ್ನೇ ಕಟ್ಟಿತ್ತು. ಆ ದೇಶದಲ್ಲಿ ಇದಕ್ಕೆ ಆರು ತಿಂಗಳ ಜೈಲು, 30,000 ಯೂರೊ ದಂಡದವರೆಗೆ ಅವಕಾಶವಿದೆ. ಆ ತಂದೆಯ ಸಂಕಟ ನಿಜವಾದದ್ದು. ಆದರೆ ಆ ಮೂರು ಗಂಟೆಗಳಲ್ಲಿ ಆಂಬುಲೆನ್ಸ್ ಕರೆಯಬೇಕಾದವರ ಗತಿ?

ಅಮೆರಿಕದಲ್ಲಿ ಕಂಪನಿಯ ಕಣ್ಣು ತಪ್ಪಿಸಲು ಟ್ರಕ್ಕಿನಲ್ಲಿ ಜಿಪಿಎಸ್ ಜಾಮರ್ ಇಟ್ಟುಕೊಂಡ ಚಾಲಕ ನ್ಯೂವಾರ್ಕ್ ವಿಮಾನ ನಿಲ್ದಾಣದ ನೆರವಿನ ವ್ಯವಸ್ಥೆಯನ್ನೇ ಕದಡಿದ್ದ; 2013ರಲ್ಲಿ ಅವನಿಗೆ ಎಫ್‌ಸಿಸಿ 31,875 ಡಾಲರ್ ದಂಡ ಪ್ರಸ್ತಾಪಿಸಿತು. ಫ್ಲಾರಿಡಾದಲ್ಲಿ ಇತರರು ಗಾಡಿ ಓಡಿಸುತ್ತ ಫೋನಿನಲ್ಲಿ ಮಾತಾಡಬಾರದೆಂದು ಕಾರಿನಲ್ಲಿ ಜಾಮರ್ ಹೊತ್ತು ತಿರುಗಿದವನಿಗೆ 48,000. ಇಂಥವನ್ನು ಅಮೆರಿಕಕ್ಕೆ ಮಾರುತ್ತಿದ್ದ ಚೀನಾದ ಕಂಪನಿಗೆ 3.49 ಕೋಟಿ ಡಾಲರ್.

ಭಾರತದಲ್ಲಿ 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಸ್ಪಷ್ಟವಾಗಿ ಹೇಳಿತು: ಸರ್ಕಾರದ ನಿರ್ದಿಷ್ಟ ಅನುಮತಿ ಇಲ್ಲದೆ ಜಾಮರ್, ಜಿಪಿಎಸ್ ಬ್ಲಾಕರ್ ಬಳಸುವಂತಿಲ್ಲ, ಖಾಸಗಿಯವರು ಕೊಳ್ಳುವಂತಿಲ್ಲ, ಜಾಹೀರಾತು, ಮಾರಾಟ, ಆಮದು ಕೂಡ ಕಾನೂನುಬಾಹಿರ. ಟ್ಯೂಷನ್ ಕೇಂದ್ರಗಳು, ಸಭಾಂಗಣಗಳು ಇದನ್ನು ಓದಬೇಕು.

9. ಬೂಸ್ಟರ್ ಹಾಕಿ ಬೀದಿಯ ಸಿಗ್ನಲ್ ಕೆಡಿಸಬೇಡಿ

ಪಿ.ಜಿ.ಗಳಲ್ಲಿ, ನೆಲಮಾಳಿಗೆಯ ಅಂಗಡಿಗಳಲ್ಲಿ ಮೊಬೈಲ್ ಬೂಸ್ಟರ್ ಹಾಕಿಸುವುದು ಸುಲಭದ ದಾರಿ ಎನಿಸುತ್ತದೆ. ಅದು ಕೆಡುಕು ಮಾಡುವ ಬಗೆ ಹೀಗೆ. ಬೂಸ್ಟರ್ ಟವರಿನ ಸಿಗ್ನಲನ್ನು ನಿಮಗೆ ದೊಡ್ಡದು ಮಾಡಿ ಕೊಡುವಂತೆ, ನಿಮ್ಮ ಕಡೆಯ ಸದ್ದನ್ನೂ ಗದ್ದಲ ಸಮೇತ ದೊಡ್ಡದು ಮಾಡಿ ಟವರಿನತ್ತ ಎಸೆಯುತ್ತದೆ. ಮೈಕಿನ ಮುಂದೆ ಸ್ಪೀಕರ್ ಇಟ್ಟರೆ ಕೀಚಲು ಕೂಗು ಏಳುವ ಹಾಗೆ, ಅದರ ಎರಡು ಆಂಟೆನಾಗಳು ಹತ್ತಿರವಿದ್ದರೆ ಯಂತ್ರವೇ ಬೊಬ್ಬೆ ಶುರುಮಾಡುತ್ತದೆ. ಟವರಿಗೆ ದೂರದ ಫೋನುಗಳ ಸಣ್ಣ ದನಿ ಕೇಳಿಸುವುದಿಲ್ಲ. ನಿಮ್ಮ ಫೋನಿನಲ್ಲಿ ಐದು ಗೆರೆ, ಬೀದಿಯವರ ಕರೆಗಳು ಕಟ್.

ಅಮೆರಿಕ 2013ರಲ್ಲಿ ಬೂಸ್ಟರುಗಳಿಗೆ ತಾಂತ್ರಿಕ ಮಿತಿ ಹಾಕಿ, ಮಿತಿ ಪಾಲಿಸುವವನ್ನು ಜನರಿಗೆ ಬಿಟ್ಟಿತು. ಭಾರತದ ನಿಲುವು ಬಿಗಿ: ಪರವಾನಗಿ ಪಡೆದ ಮೊಬೈಲ್ ಕಂಪನಿಗಳ ಹೊರತು ಯಾರೂ ಬೂಸ್ಟರ್ ಇಟ್ಟುಕೊಳ್ಳುವುದೂ ಮಾರುವುದೂ ತಪ್ಪು. ನಮ್ಮ ಒತ್ತೊತ್ತು ನಗರಗಳಿಗೆ ಈ ಬಿಗಿ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಕಟ್ಟಡದೊಳಗೆ ಸಿಗ್ನಲ್ ತಲುಪಿಸುವ ಹೊಣೆಯನ್ನು ಕಂಪನಿಗಳಿಂದ ಅಷ್ಟೇ ಬಿಗಿಯಾಗಿ ವಸೂಲು ಮಾಡಬೇಕು. ವೈ-ಫೈ ಕಾಲಿಂಗ್ ಇದ್ದರೆ ಸದ್ಯಕ್ಕೆ ಅದೇ ಒಳ್ಳೆಯ ದಾರಿ.

10. ದೂರು ಸರಿಯಾದ ಬಾಗಿಲಿಗೆ ಹೋಗಲಿ

ಕಂಬದ ಕಿಡಿಯಾದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912. “ರೇಡಿಯೊ ಕೇಳಿಸುತ್ತಿಲ್ಲ” ಎಂದರೆ ಯಾರೂ ಓಡಿ ಬರುವುದಿಲ್ಲ. “ಇಂಥ ಸಂಖ್ಯೆಯ ಕಂಬದಲ್ಲಿ ಕಿಡಿ ಹಾರುವ ಸದ್ದಿದೆ” ಎಂದರೆ ಲೈನ್‌ಮನ್ ಬರುತ್ತಾರೆ, ಏಕೆಂದರೆ ಅದು ಅವರಿಗೂ ಅಪಾಯದ ಸೂಚನೆ. ಕಂಬವನ್ನು ನೀವು ಮುಟ್ಟಬೇಡಿ, ಅಲುಗಾಡಿಸಬೇಡಿ.

ಪರವಾನಗಿ ಪಡೆದ ಸೇವೆಗೆ ಅಡಚಣೆಯಾದರೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಶನ್. ಅದರ ನಿಗಾ ಕೇಂದ್ರ ಬೆಂಗಳೂರಿನಲ್ಲೂ ಇದೆ. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಮೂಲಕವೂ ಇಲಾಖೆಗೆ ಬರೆಯಬಹುದು. ದೂರಿನಲ್ಲಿ ಇಷ್ಟಿರಲಿ: ಆವರ್ತನ, ದಿನಾಂಕ ಮತ್ತು ಹೊತ್ತು, ಸದ್ದಿನ ಬಗೆ, ಯಾವ ದಿಕ್ಕಿನಿಂದ, ಮನೆಯ ಮೇನ್ ಇಳಿಸಿ ನೋಡಿದ್ದೀರೆಂಬ ಮಾತು, ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ಧ್ವನಿಮುದ್ರಣ. ಊರಿನ ಹ್ಯಾಮ್ ಮಿತ್ರರ ನೆರವು ಕೇಳಿ. ಗದ್ದಲ ಬೇಟೆ ಅವರಿಗೆ ನಿತ್ಯದ ಅಭ್ಯಾಸ.

11. ತಯಾರಕರೇ, ಗದ್ದಲವನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ

ಪೀಣ್ಯದ ಸಣ್ಣ ಘಟಕಕ್ಕೂ ಎಲೆಕ್ಟ್ರಾನಿಕ್ಸ್ ಸ್ಟಾರ್ಟಪ್‌ಗೂ ಈ ಇತಿಹಾಸ ಬೇಕು. 1977ರಲ್ಲಿ ಬಂದ ಟಿಆರ್‌ಎಸ್-80 ಎಂಬ ಮನೆಗಣಕ ಎಷ್ಟು ಗದ್ದಲದ್ದೆಂದರೆ, ಪಕ್ಕದಲ್ಲಿ ರೇಡಿಯೊ ಇಟ್ಟು ಆ ಗದ್ದಲವನ್ನೇ ಆಟಗಳ ಸದ್ದಾಗಿ ಬಳಸುತ್ತಿದ್ದರು. 1979ರಲ್ಲಿ ಎಫ್‌ಸಿಸಿ ಸೆಕೆಂಡಿಗೆ 10,000ಕ್ಕಿಂತ ಹೆಚ್ಚು ಮಿಡಿತ ಬಳಸುವ ಗಣಕ ಸಾಧನಗಳಿಗೆ ಮಿತಿ ಹಾಕಿತು. ಮನೆಬಳಕೆಯವಕ್ಕೆ ಕಚೇರಿಯವಕ್ಕಿಂತ ಬಿಗಿಯಾದ ಮಿತಿ. ಚೆನ್ನಾಗಿ ಮಾರಾಟವಾಗುತ್ತಿದ್ದ ಆ ಮಾದರಿ ಹೊಸ ನಿಯಮಕ್ಕೆ ಒಗ್ಗದೆ 1981ರ ಆರಂಭದಲ್ಲಿ ಮಾರುಕಟ್ಟೆ ಬಿಟ್ಟಿತು. ಅಟಾರಿ ಕಂಪನಿ ತನ್ನ 400 ಮತ್ತು 800 ಮಾದರಿಗಳೊಳಗೆ ದಪ್ಪ ಅಲ್ಯೂಮಿನಿಯಂ ಎರಕದ ಕವಚವನ್ನೇ ಕೂರಿಸಿತು. ಆಪಲ್ 2 ಟಿ.ವಿ.ಗೆ ಜೋಡಿಸುವ ಮಾಡ್ಯುಲೇಟರನ್ನು ತನ್ನೊಳಗೆ ಇಟ್ಟುಕೊಳ್ಳದೆ ಬೇರೆ ಕಂಪನಿಗೆ ಬಿಟ್ಟಿತು. ಕೊನೆಯ ಗಳಿಗೆಯಲ್ಲಿ ಗದ್ದಲ ಮುಚ್ಚಲು ಹೋದವರಿಗೆ ವೆಚ್ಚ ಹೆಚ್ಚು. ಬೋರ್ಡಿನ ಗ್ರೌಂಡ್ ಸರಿಯಾಗಿ ಹಾಸುವುದಕ್ಕೆ, ಕೇಬಲ್ ಹೊರಡುವ ಕಡೆ ಫಿಲ್ಟರ್ ಇಡುವುದಕ್ಕೆ ಆರಂಭದಲ್ಲಿ ತಗಲುವುದು ಅತ್ಯಲ್ಪ.

ವ್ಯಾಪಾರಿಗಳಿಗೂ ಒಂದು ಮಾತು. ವಾಕಿ-ಟಾಕಿ ಮಾರುವವರು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಓದಿರಿ. ಆವರ್ತನ ಮತ್ತು ಇಟಿಎ ವಿವರ ಇಲ್ಲದೆ ಆನ್‌ಲೈನ್ ಅಂಗಡಿಯಲ್ಲಿ ಪ್ರದರ್ಶಿಸುವಂತಿಲ್ಲ.

12. ಕೇಳುವವರನ್ನಲ್ಲ, ಗದ್ದಲವನ್ನು ಹೊರಗಿಡಿ ಎಂದು ಒತ್ತಾಯಿಸಿ

ಎಲೆಕ್ಟ್ರಿಕ್ ಕಾರಿನ ಮೋಟಾರು ಎಎಂ ರೇಡಿಯೊವನ್ನು ಕೆಡಿಸುತ್ತದೆ ಎಂದು ಕೆಲವು ಕಂಪನಿಗಳು ರೇಡಿಯೊವನ್ನೇ ತೆಗೆದವು. ಬಿಎಂಡಬ್ಲ್ಯು ಐ3 2014ರಲ್ಲೇ ಹಾಗೆ ಮಾಡಿತು. ಫೋರ್ಡ್ ಕೂಡ 2023ರಲ್ಲಿ ಅದೇ ದಾರಿ ಹಿಡಿಯಲು ಹೊರಟು, ತುರ್ತು ಎಚ್ಚರಿಕೆಗಳಿಗೆ ಎಎಂ ಬೇಕು ಎಂಬ ಕೂಗು ಅಮೆರಿಕದ ಸಂಸತ್ತಿನವರೆಗೆ ಮುಟ್ಟಿದ ಮೇಲೆ ಮೇ ತಿಂಗಳಲ್ಲಿ ಹಿಂದೆ ಸರಿಯಿತು. ಜನ ಕೇಳಿದ್ದರಿಂದ ಆದದ್ದು ಅದು.

ಕೇಳುವವರು ಕಾರಿನಲ್ಲಷ್ಟೇ ಇಲ್ಲ. ನಮ್ಮ ಗೌರಿಬಿದನೂರಿನಲ್ಲಿ 1970ರ ದಶಕದಿಂದ ಸೂರ್ಯನ, ಆಕಾಶದ ಕಡಿಮೆ ಆವರ್ತನದ ಅಲೆಗಳಿಗೆ ಕಿವಿಗೊಟ್ಟ ಆಂಟೆನಾಗಳ ಹೊಲವಿದೆ. ಪುಣೆ ಜಿಲ್ಲೆಯ ಖೊಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆ. ಅವುಗಳಿಗೆ ಬೇಕಾದ ಸಂಕೇತ ಎಷ್ಟು ಕ್ಷೀಣವೆಂದರೆ ಹತ್ತಿರದ ಒಂದು ಕೆಟ್ಟ ಅಡಾಪ್ಟರ್ ಸಾಕು ಮುಳುಗಿಸಲು. ಅಮೆರಿಕ 1958ರಲ್ಲೇ ಗ್ರೀನ್ ಬ್ಯಾಂಕ್ ರೇಡಿಯೊ ವೀಕ್ಷಣಾಲಯದ ಸುತ್ತ ಸುಮಾರು 13,000 ಚದರ ಮೈಲಿಯನ್ನು ರೇಡಿಯೊ ನಿಶ್ಶಬ್ದ ವಲಯ ಎಂದು ಘೋಷಿಸಿತು. ಎಲ್ಲ ಕಡೆ ಹಾಗೆ ಮಾಡಲಾಗದು. ಎಲ್ಲ ಕಡೆ ಮಾಡಬಹುದಾದದ್ದು ಒಂದೇ: ವಸ್ತು ಅಂಗಡಿಗೆ ಬರುವ ಮೊದಲೇ ತಡೆಯುವುದು. ಅದಕ್ಕೆ ಬೇಕಾದ ಅಳತೆಗೋಲು ಹೊಸದಾಗಿ ಹುಡುಕಬೇಕಿಲ್ಲ. 1934ರಲ್ಲಿ ಶುರುವಾದ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಮಾನದಂಡಗಳು ದೀಪಕ್ಕೂ ಇವೆ, ಮಿಕ್ಸಿಗೂ ಇವೆ, ಗಣಕಕ್ಕೂ ಇವೆ. ಐರೋಪ್ಯ ಒಕ್ಕೂಟ ತನ್ನ ಮಾರುಕಟ್ಟೆಗೆ ಬರುವ ವಿದ್ಯುತ್ ಉಪಕರಣಗಳಿಗೆ ಇಂಥ ಮಿತಿಯನ್ನು ಕಾನೂನಿನಿಂದಲೇ ವಿಧಿಸಿದೆ.

ಮಾರಾಟವಾದ ಬಲ್ಬನ್ನು ಮನೆಮನೆಗೆ ಹೋಗಿ ಹುಡುಕುವ ಬಲ ಯಾವ ದೇಶದ ಇಲಾಖೆಗೂ ಇಲ್ಲ. ಕಾರ್ಖಾನೆಯ ಬಾಗಿಲಲ್ಲಿ, ಬಂದರಿನ ಸುಂಕದ ಕಟ್ಟೆಯಲ್ಲಿ, ಆನ್‌ಲೈನ್ ಅಂಗಡಿಯ ಪಟ್ಟಿಯಲ್ಲಿ ಮಾಡುವ ತಪಾಸಣೆಯೇ ನಿಜವಾದ ತಪಾಸಣೆ. ಸುರಕ್ಷತೆಯನ್ನು ಪರೀಕ್ಷಿಸುವಷ್ಟೇ ಬಿಗಿಯಾಗಿ ದೀಪ, ಚಾರ್ಜರ್, ಸೋಲಾರ್ ಇನ್ವರ್ಟರುಗಳ ರೇಡಿಯೊ ಗದ್ದಲವನ್ನೂ ಪರೀಕ್ಷಿಸಿ ಎಂದು ಬಿಐಎಸ್‌ಗೂ ದೂರಸಂಪರ್ಕ ಇಲಾಖೆಗೂ ಬರೆಯಿರಿ. ಜೊತೆಗೆ ನಿಮ್ಮ ಒಂದು ವಾರದ ನೋಟ್‌ಬುಕ್ಕಿನ ಪುಟವನ್ನೂ ಲಗತ್ತಿಸಿ.